ಕಾವಿ ಗೋಡೆಗೆ ಬೂಷ್ಟು ಹಿಡಿದಾಗ

ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಮನೆಗಳಲ್ಲಿ ಯಾರೂ ಬಳಿಯದ ಬಣ್ಣಗಳು ಕಾಣಿಸಿಕೊಳ್ಳತೊಡಗುತ್ತವೆ. ಪಾಗಾರದ ಮೇಲೆ ಹಸುರು ಹಾವಸೆ, ಕಪಾಟಿನಲ್ಲಿಟ್ಟ ಚರ್ಮದ ಚೀಲದ ಮೇಲೆ ಬಿಳಿ ಬೂಷ್ಟು, ಚಾವಡಿಯ ಗೋಡೆಯ ಮೂಲೆಯಲ್ಲಿ ಕಪ್ಪು ಚುಕ್ಕೆಗಳ ಸಾಲು. ಆಸಾಡಿ ಕಳೆಯುವಷ್ಟರಲ್ಲಿ ಚುಕ್ಕೆಗಳು ಸೇರಿ ಒಂದು ದೊಡ್ಡ ಕಲೆಯಾಗಿರುತ್ತದೆ. ಮನೆಯವರಿಗೆ ಇದೇನೂ ದೊಡ್ಡ ಸಂಗತಿಯಲ್ಲ. ಬಿಸಿಲು ಬಂದ ಮೇಲೆ ತೆಂಗಿನ ಸಿಪ್ಪೆಯಿಂದ ತಿಕ್ಕಿದರಾಯಿತು, ಹಬ್ಬಕ್ಕೆ ಮೊದಲು ಒಂದು ಕೈ ಸುಣ್ಣ ಬಳಿದರಾಯಿತು.

ಆದರೆ ಅದೇ ಕಪ್ಪು ಚುಕ್ಕೆ ನೂರಿನ್ನೂರು ವರ್ಷ ಹಳೆಯ ಚಿತ್ರವಿರುವ ಗೋಡೆಯಲ್ಲಿ ಕಾಣಿಸಿಕೊಂಡರೆ? ತಿಕ್ಕಿದರೆ ಕಲೆಯ ಜೊತೆ ಚಿತ್ರವೂ ಹೋಗುತ್ತದೆ. ಸುಣ್ಣ ಬಳಿದರೆ ಚಿತ್ರ ಮುಚ್ಚಿಹೋಗುತ್ತದೆ. ಹಾಗೇ ಬಿಟ್ಟರೆ ಮುಂದಿನ ಮಳೆಗಾಲಕ್ಕೆ ಗಾರೆ ಪುಡಿಯಾಗಿ ಉದುರತೊಡಗುತ್ತದೆ. ಕರಾವಳಿಯ ಹಳೆಯ ದೇವಸ್ಥಾನ, ಮಠ, ಗುತ್ತಿನ ಮನೆಗಳ ಚಿತ್ರಗೋಡೆಗಳು ಪ್ರತಿವರ್ಷ ಎದುರಿಸುವ ಪ್ರಶ್ನೆ ಇದು. ಅದಕ್ಕೆ ಉತ್ತರ ಹುಡುಕಬೇಕಾದರೆ ಮೊದಲು ಗೋಡೆ ಯಾವುದರಿಂದ ಆಗಿದೆ, ಅದನ್ನು ತಿನ್ನುವವರು ಯಾರು ಎಂಬುದನ್ನು ತಿಳಿಯಬೇಕು.

ಚಿಪ್ಪಿನಿಂದ ಚಿತ್ರಕ್ಕೆ

ಗೋವೆಯಿಂದ ಉತ್ತರ ಕನ್ನಡದ ಮೂಲಕ ಉಡುಪಿ ಜಿಲ್ಲೆಯವರೆಗಿನ ಹಳೆಯ ಕಟ್ಟಡಗಳಲ್ಲಿ ಕಾಣಸಿಗುವ ಕೆಂಪು-ಬಿಳಿಯ ಭಿತ್ತಿಚಿತ್ರಗಳಿಗೆ ಕಾವಿ ಕಲೆ ಎಂದು ಹೆಸರು. ಶಿರಸಿಯ ಮಾರಿಕಾಂಬಾ ದೇವಾಲಯಕ್ಕೆ ಹೋದವರು ಇದನ್ನು ನೋಡಿರುತ್ತಾರೆ. ಹೊನ್ನಾವರದಲ್ಲಿ ಹುಟ್ಟಿದ ವಿಜ್ಞಾನಿ, ಲೇಖಕ ಡಾ. ಕೃಷ್ಣಾನಂದ ಕಾಮತ್ (1934-2002) ಕ್ಯಾಮೆರಾ ಹೆಗಲಿಗೇರಿಸಿಕೊಂಡು ಊರೂರು ತಿರುಗಿ ಈ ಚಿತ್ರಗಳನ್ನು ದಾಖಲಿಸಿದರು. ಬ್ರಹ್ಮಾವರ ಕಡೆಯ ಹಾವಂಜೆಯ ಕಲಾವಿದ ಡಾ. ಜನಾರ್ದನ ಹಾವಂಜೆ ಇದೇ ಕಲೆಯ ಅಧ್ಯಯನ ನಡೆಸಿ, ಹೊಸ ಗೋಡೆಗಳ ಮೇಲೆ ಮತ್ತೆ ಮೂಡಿಸುವ ಕೆಲಸದಲ್ಲಿ ತೊಡಗಿದವರು.

ಕಾವಿ ಚಿತ್ರವನ್ನು ಕುಂಚದಿಂದ ಬರೆಯುವುದಿಲ್ಲ, ಕೆತ್ತುತ್ತಾರೆ. ನದಿಯ ಅಳಿವೆಗಳಲ್ಲಿ ಸಿಗುವ ಚಿಪ್ಪುಗಳನ್ನು ಸುಟ್ಟು ಮಾಡಿದ ಅಚ್ಚ ಬಿಳಿ ಸುಣ್ಣಕ್ಕೆ ತೊಳೆದ ಮರಳು, ಬೆಲ್ಲ ಸೇರಿಸಿ, ಹದಿನೈದು ದಿನ ಕೊಳೆಯಲು ಬಿಟ್ಟು, ಚೆನ್ನಾಗಿ ಕುಟ್ಟಿ ಗಾರೆ ಮಾಡುತ್ತಾರೆ. ಗೋಡೆಗೆ ಮೊದಲು ಈ ಬಿಳಿಯ ಗಾರೆ. ಅದರ ಮೇಲೆ ಕಾವಿಯ, ಅಂದರೆ ಕೆಂಪು ಮಣ್ಣಿನ ಪದರ. ಅದು ಹಸಿಯಿರುವಾಗಲೇ ಉಕ್ಕಿನ ಮೊನೆಯಿಂದ ಗೀರಿ ಕೆಂಪನ್ನು ಕೆರೆದು ತೆಗೆದರೆ ಕೆಳಗಿನ ಬಿಳಿ ಕಾಣುತ್ತದೆ. ಆನೆ, ಬಳ್ಳಿ, ದೇವತೆ, ದ್ವಾರಪಾಲಕ ಎಲ್ಲವೂ ಹೀಗೆ ಮೂಡಿದವು. ಎರಡೇ ಬಣ್ಣ. ಆದರೂ ಕಣ್ಣಿಗೆ ಸಾಲದೆನ್ನಿಸುವುದಿಲ್ಲ.

ಇದರ ಹಿಂದಿನ ರಸಾಯನಶಾಸ್ತ್ರ ಹತ್ತನೆಯ ತರಗತಿಯ ಪುಸ್ತಕದಲ್ಲೇ ಇದೆ. ಚಿಪ್ಪೆಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಸುಟ್ಟಾಗ ಇಂಗಾಲದ ಡೈ ಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಕುದಿದು ಅರಳಿದ ಸುಣ್ಣವಾಗುತ್ತದೆ. ಗೋಡೆಗೆ ಬಳಿದ ಮೇಲೆ ಅದು ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಅಳಿವೆಯ ಚಿಪ್ಪು ಸುತ್ತು ಹೊಡೆದು ಬಂದು ಗೋಡೆಯ ಮೇಲೆ ಮತ್ತೆ ಕಲ್ಲಾಗುತ್ತದೆ. ಆಗ ಕಾವಿಯ ಕಣಗಳೂ ಅದರೊಳಗೆ ಸಿಕ್ಕಿಕೊಂಡು ಭದ್ರವಾಗುತ್ತವೆ. ಕಾವಿಯ ಕೆಂಪೆಂದರೆ ಕಬ್ಬಿಣದ ಆಕ್ಸೈಡ್. ಬಿಸಿಲಿಗೆ ಮಾಸುವುದಿಲ್ಲ, ಯಾವ ಬೂಷ್ಟಿಗೂ ಅದು ಆಹಾರವಲ್ಲ. ಹಾಗಾದರೆ ಬೂಷ್ಟು ತಿನ್ನುವುದೇನನ್ನು?

ಹೊಸ ಸುಣ್ಣದ ಗೋಡೆಯನ್ನು ಯಾವ ಜೀವಿಯೂ ಮುಟ್ಟುವುದಿಲ್ಲ. ಅದರ ಪಿಎಚ್ ಮೌಲ್ಯ 12ಕ್ಕಿಂತ ಹೆಚ್ಚು. ಅಷ್ಟು ತೀಕ್ಷ್ಣವಾದ ಕ್ಷಾರದಲ್ಲಿ ಬೂಷ್ಟಿನ ಬೀಜಾಣು ಮೊಳೆಯಲಾರದು. ವರ್ಷಕ್ಕೊಮ್ಮೆ ಸುಣ್ಣ ಬಳಿಯುವ ಹಿರಿಯರ ಪದ್ಧತಿ ಅಂದಕ್ಕಷ್ಟೇ ಇದ್ದದ್ದಲ್ಲ, ಅದು ಗೋಡೆಗೆ ಕೊಡುತ್ತಿದ್ದ ಔಷಧವೂ ಹೌದು. ಆದರೆ ಸುಣ್ಣ ಮಾಗಿ ಕಲ್ಲಾದಂತೆ ಪಿಎಚ್ 8-9ಕ್ಕೆ ಇಳಿಯುತ್ತದೆ, ಕಾವಲು ಸಡಿಲವಾಗುತ್ತದೆ. ಸಾಮಾನ್ಯ ಗೋಡೆಗಾದರೆ ಮತ್ತೆ ಸುಣ್ಣ ಬಳಿಯಬಹುದು. ಚಿತ್ರದ ಗೋಡೆಗೆ ಆ ಔಷಧ ಕೊಡುವಂತಿಲ್ಲ. ಕಾವಿ ಗೋಡೆಯ ಮೊದಲ ಸಂಕಟ ಇದು.

ಯಾರು ಮೊದಲು, ಯಾರು ಆಮೇಲೆ

ಗೋಡೆಯ ಮೇಲೆ ನೆಲೆಯೂರುವ ಜೀವಿಗಳು ಒಮ್ಮೆಲೇ ಬರುವುದಿಲ್ಲ, ಸರತಿಯಲ್ಲಿ ಬರುತ್ತವೆ. ಬೆಳಕು, ನೀರು ಎರಡೂ ಇರುವಲ್ಲಿ ಮೊದಲು ಬರುವುದು ಪಾಚಿ ಮತ್ತು ಸಯನೋಬ್ಯಾಕ್ಟೀರಿಯಾ. ಅವು ತಮ್ಮ ಅನ್ನವನ್ನು ತಾವೇ ತಯಾರಿಸಿಕೊಳ್ಳುವುದರಿಂದ ಬರಿಯ ಸುಣ್ಣದ ಮೇಲೂ ಬದುಕಬಲ್ಲವು. ಅವು ಸುರಿಸುವ ಲೋಳೆ ಮಳೆ ನಿಂತ ಮೇಲೂ ನೀರನ್ನು ಹಿಡಿದಿಡುತ್ತದೆ. ನೆಂದಾಗ ಉಬ್ಬಿ, ಒಣಗಿದಾಗ ಕುಗ್ಗಿ ಗಾರೆಯ ಮೇಲ್ಪದರವನ್ನು ಎಳೆದಾಡುತ್ತದೆ. ಮಕ್ಕಳು ಅಂಗೈಗೆ ಗೋಂದು ಹಚ್ಚಿ ಒಣಗಿಸಿ ನೋಡಿದರೆ ಚರ್ಮ ಹೇಗೆ ಬಿಗಿಯುತ್ತದೆಂಬುದು ತಿಳಿಯುತ್ತದೆ. ಗೋಡೆಗಾಗುವುದೂ ಅದೇ.

ಪಾಚಿ ಸತ್ತು ಕೊಳೆತ ಮೇಲೆ ಅದನ್ನು ಉಣ್ಣಲು ಶಿಲೀಂಧ್ರಗಳು ಬರುತ್ತವೆ. ಆಸ್ಪರ್ಜಿಲಸ್, ಪೆನಿಸಿಲಿಯಂ, ಕ್ಲಾಡೊಸ್ಪೋರಿಯಂ ಮುಂತಾದ ಬೂಷ್ಟುಗಳು ಜಗತ್ತಿನ ಎಲ್ಲ ಕಡೆಯ ಭಿತ್ತಿಚಿತ್ರಗಳ ಮೇಲೂ ಸಿಕ್ಕಿವೆ. ಹಳಸಿದ ರೊಟ್ಟಿಯ ಮೇಲೆ ಬರುವ ಬಳಗವೇ ಅದು. ಇವಕ್ಕೆ ಬೆಳಕು ಬೇಡ. ಧೂಳು, ಎಣ್ಣೆಯ ಜಿಡ್ಡು, ಹಿಂದೆ ಗಾರೆಗೆ ಸೇರಿಸಿದ ಅಂಟು ಪದಾರ್ಥ, ಸತ್ತ ಕೀಟ ಏನಾದರೂ ಸಾಕು. ಆಹಾರ ಜೀರ್ಣಿಸುವಾಗ ಅವು ಆಕ್ಸಾಲಿಕ್, ಸಿಟ್ರಿಕ್ ಮೊದಲಾದ ಆಮ್ಲಗಳನ್ನು ಸ್ರವಿಸುತ್ತವೆ. ಚಿಪ್ಪಿನ ಚೂರಿಗೆ ಲಿಂಬೆರಸ ಹಾಕಿದಾಗ ಗುಳ್ಳೆ ಬರುವುದನ್ನು ನೋಡಿದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಬಣ್ಣದ ಕಣಗಳನ್ನು ಹಿಡಿದುಕೊಂಡಿದ್ದ ಸುಣ್ಣ ಕರಗುತ್ತದೆ. ಕಾವಿ ಅಲ್ಲೇ ಇರುತ್ತದೆ, ಆದರೆ ಹಿಡಿಯುವ ಕೈ ಇಲ್ಲ. ಬೆರಳು ಸೋಕಿದರೆ ಪುಡಿ ಬರುತ್ತದೆ. ಶಿಲೀಂಧ್ರದ ಎಳೆಗಳು ಗಾರೆಯ ರಂಧ್ರಗಳೊಳಗೂ ಇಳಿಯುವುದರಿಂದ ಮೇಲಿನ ಕಲೆ ಒರೆಸಿದ ಮಾತ್ರಕ್ಕೆ ರೋಗ ವಾಸಿಯಾಯಿತೆಂದು ತಿಳಿಯಬಾರದು.

ಕರಾವಳಿಯ ಹಳೆಯ ಕಟ್ಟಡಗಳಲ್ಲಿ ಇನ್ನೊಬ್ಬ ಅತಿಥಿಯೂ ಉಂಟು, ಬಾವಲಿ. ಅದರ ಹಿಕ್ಕೆಯಿಂದ ಹೊರಡುವ ಅಮೋನಿಯಾವನ್ನು ಕೆಲವು ಬ್ಯಾಕ್ಟೀರಿಯಾಗಳು ನೈಟ್ರಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಗದ್ದೆಯಲ್ಲಿ ಬೆಳೆಗೆ ಗೊಬ್ಬರ ಒದಗಿಸುವ ಅದೇ ಕ್ರಿಯೆ ಮುಚ್ಚಿಗೆಯ ಮೇಲೆ ನಡೆದರೆ ಸುಣ್ಣದ ಗಾರೆಗೆ ಆಮ್ಲದ ಸ್ನಾನವಾಗುತ್ತದೆ. ಮುಚ್ಚಿಯೇ ಇಡುವ ಗುಡಿಯ ಬಾಗಿಲು ತೆರೆದಾಗ ಮೂಗಿಗೆ ಬಡಿಯುವ ಮಣ್ಣಿನಂಥ ವಾಸನೆಯೂ ಹೆಚ್ಚಾಗಿ ಸೂಕ್ಷ್ಮಜೀವಿಗಳದೇ. ಹೊಸ ಮಳೆ ಬಿದ್ದಾಗ ನೆಲದಿಂದೇಳುವ ಪರಿಮಳಕ್ಕೆ ಕಾರಣವಾದ ಜಿಯೋಸ್ಮಿನ್ ಎಂಬ ವಸ್ತುವನ್ನು ತಯಾರಿಸುವ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾ ಒದ್ದೆ ಗೋಡೆಯಲ್ಲೂ ಮನೆ ಮಾಡುತ್ತದೆ. ಹೊರಗೆ ಹಿತವಾದದ್ದು ಒಳಗೆ ಎಚ್ಚರಿಕೆಯ ಗಂಟೆ.

ಇಷ್ಟೆಲ್ಲ ಜೀವಿಗಳಿಗೂ ಬೇಕಾದ ಒಂದೇ ವಸ್ತುವೆಂದರೆ ನೀರು. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 65ರ ಕೆಳಗಿದ್ದರೆ ಬೂಷ್ಟು ಸಾಮಾನ್ಯವಾಗಿ ಬೆಳೆಯುವುದಿಲ್ಲ. 75 ದಾಟಿದರೆ ಅದಕ್ಕೆ ಹಬ್ಬ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ, ಅದರಲ್ಲೂ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುವ ಉಡುಪಿ ಜಿಲ್ಲೆಯಲ್ಲಿ ಮಳೆಗಾಲದ ಆರ್ದ್ರತೆ ವಾರಗಟ್ಟಲೆ ಆ ಮಿತಿಗಿಂತ ಮೇಲೆಯೇ ಇರುತ್ತದೆ. ಸಾಲದ್ದಕ್ಕೆ ಗೋಡೆಯ ಮುರಕಲ್ಲು ತೂತುತೂತಾದ ಕಲ್ಲು. ದೀಪದ ಬತ್ತಿ ಎಣ್ಣೆ ಎಳೆದುಕೊಂಡಂತೆ ಅದು ನೆಲದ ನೀರನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ.

ಮಂಗಳೂರಿನ ಚಾಪೆಲ್, ಫ್ರಾನ್ಸಿನ ಗುಹೆ

ಇದೇ ಕರಾವಳಿಯ ಮಳೆಯನ್ನು ಇನ್ನೊಂದು ಬಗೆಯ ಚಿತ್ರಗಳು ಹೇಗೆ ತಾಳಿಕೊಂಡವೆಂಬುದಕ್ಕೆ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ಸಾಕ್ಷಿ. ಇಟಲಿಯಿಂದ ಬಂದ ಅಂತೋನಿಯೊ ಮೊಸ್ಕೇನಿ ಎಂಬ ಜೆಸುಯಿಟ್ ಕಲಾವಿದ 1899ರಿಂದ 1901ರವರೆಗೆ ದುಡಿದು ಅದರ ಗೋಡೆ, ಮುಚ್ಚಿಗೆಗಳನ್ನೆಲ್ಲ ಚಿತ್ರಗಳಿಂದ ತುಂಬಿದರು. ಕೆಲವೆಡೆ ಹಸಿ ಸುಣ್ಣದ ಗಾರೆಯ ಮೇಲೆ ಬರೆಯುವ ಫ್ರೆಸ್ಕೊ, ಕೆಲವೆಡೆ ಕ್ಯಾನ್ವಾಸಿನ ಮೇಲೆ ತೈಲವರ್ಣ. ತಮ್ಮ ಊರಾದ ಬೆರ್ಗಮೋ ಕಡೆಯ ಒಣ ಚಳಿಗೆ ಹೊಂದಿಕೊಂಡ ವಿದ್ಯೆಯನ್ನು ಅವರು ತಂದದ್ದು ವರ್ಷದ ನಾಲ್ಕು ತಿಂಗಳು ಬಟ್ಟೆಯೇ ಒಣಗದ ಊರಿಗೆ. ಕ್ಯಾನ್ವಾಸಿನ ನಾರು, ಅಂಟು, ಬಣ್ಣದ ಎಣ್ಣೆ ಇವೆಲ್ಲ ಬೂಷ್ಟಿಗೆ ಮೃಷ್ಟಾನ್ನ. ಫ್ರೆಸ್ಕೊಗಿಂತ ಈ ಭಾಗಗಳಿಗೇ ಅಪಾಯ ಹೆಚ್ಚು. ಮಾಡಿನಿಂದ ಇಳಿದ ನೀರು, ತೇವ, ಕಾಲದ ಕೊಳೆಗಳಿಂದ ಚಿತ್ರಗಳು ಮಸುಕಾದಾಗ 1990ರ ದಶಕದ ಮೊದಲ ವರ್ಷಗಳಲ್ಲಿ ಇಂಟ್ಯಾಕ್ ಸಂಸ್ಥೆಯ ಲಖನೌ ಕೇಂದ್ರದ ತಜ್ಞರು ಬಂದು ವರ್ಷಗಳ ಕಾಲ ಅವನ್ನು ಸರಿಪಡಿಸಬೇಕಾಯಿತು. ಎರಡು ವರ್ಷಗಳಲ್ಲಿ ಬರೆದದ್ದನ್ನು ಉಳಿಸಲು ವರ್ಷಗಳೇ ಹಿಡಿದವು!

ತೇವವಿರುವ ಕಡೆ ಬೆಳಕನ್ನೂ ಜನರ ಉಸಿರನ್ನೂ ಸೇರಿಸಿದರೆ ಏನಾಗುತ್ತದೆಂಬುದನ್ನು ಫ್ರಾನ್ಸಿನ ಲಾಸ್ಕೋ ಗುಹೆ ತೋರಿಸಿಕೊಟ್ಟಿತು. ಆದಿಮಾನವರು ಬರೆದ ಪ್ರಾಣಿಚಿತ್ರಗಳಿರುವ ಈ ಗುಹೆ 1940ರಲ್ಲಿ ಹುಡುಗರ ಕಣ್ಣಿಗೆ ಬಿತ್ತು. 1948ರಲ್ಲಿ ಪ್ರವಾಸಿಗರಿಗೆ ತೆರೆಯಿತು. ದಿನಕ್ಕೆ ಸಾವಿರಕ್ಕೂ ಮೇಲೆ ಜನ ನುಗ್ಗತೊಡಗಿದರು. ವಿದ್ಯುದ್ದೀಪಗಳ ಬೆಳಕಿನಲ್ಲಿ ಗೋಡೆಗೆ ಹಸುರು ಪಾಚಿ ಹಿಡಿಯಿತು. 1963ರಲ್ಲಿ ಗುಹೆಯನ್ನು ಮುಚ್ಚಿದರು. ಸಾವಿರಾರು ವರ್ಷ ಉಳಿದದ್ದು ಹದಿನೈದು ವರ್ಷಗಳಲ್ಲಿ ರೋಗಿಯಾಯಿತು. ಕಥೆ ಅಲ್ಲಿಗೆ ಮುಗಿಯಲಿಲ್ಲ. ಹವೆ ನಿಯಂತ್ರಿಸುವ ಯಂತ್ರ ಬದಲಿಸಿದ ಮೇಲೆ 2001ರಲ್ಲಿ ಫ್ಯುಸೇರಿಯಂ ಎಂಬ ಬಿಳಿ ಶಿಲೀಂಧ್ರ ಹಬ್ಬಿತು. ಕೀಟಾಣುನಾಶಕ ಹೊಡೆದರು, ನೆಲಕ್ಕೆ ಸುಣ್ಣ ಹಾಸಿದರು. ಬಿಳಿ ಹೋಯಿತು, ಕೆಲವು ವರ್ಷಗಳಲ್ಲಿ ಕಪ್ಪು ಕಲೆಗಳು ಬಂದವು. ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾಗಳು ಗುಹೆಯಲ್ಲಿ ಹೆಚ್ಚಿದ್ದನ್ನು ವಿಜ್ಞಾನಿಗಳು ಕಂಡರು. ಒಂದು ಜೀವಿಯನ್ನು ಕೊಂದರೆ ಅದರ ಹೆಣ ಮತ್ತೊಂದಕ್ಕೆ ಊಟವಾಗುತ್ತದೆ.

ಗರ್ಭಗುಡಿಯ ಸುತ್ತ, ಪೌಳಿಯ ಒಳಗೋಡೆಗೆ ರಾತ್ರಿಯಿಡೀ ಉರಿಯುವ ಅಲಂಕಾರದ ದೀಪ ಹಾಕಿಸುವವರು ಮಳೆಗಾಲದಲ್ಲಿ ಆ ದೀಪಗಳ ಸುತ್ತಲಿನ ಒದ್ದೆ ಗೋಡೆಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಹಸುರು ಉಂಗುರ ಕಂಡರೆ ಅದು ಲಾಸ್ಕೋದ್ದೇ ಚಿಕ್ಕ ರೂಪ.

ಮದ್ದೇ ಮಾರಿಯಾಗುವುದು

ಈಗ ನಮ್ಮೂರುಗಳಿಗೆ ಬರೋಣ. ಹಳೆಯ ದೇವಸ್ಥಾನಗಳ ಜೀರ್ಣೋದ್ಧಾರ ಈಗ ಎಲ್ಲೆಡೆ ನಡೆಯುತ್ತಿದೆ. ಭಕ್ತರ ಶ್ರದ್ಧೆಯನ್ನು ಯಾರೂ ಆಕ್ಷೇಪಿಸಬೇಕಾಗಿಲ್ಲ. ಆದರೆ ಬ್ರಹ್ಮಕಲಶದ ದಿನ ಗೊತ್ತಾದೊಡನೆ ಗೋಡೆ 'ಸ್ವಚ್ಛ' ಮಾಡುವ ಅವಸರದಲ್ಲಿ ನಡೆಯುವ ನಾಲ್ಕಾರು ಕೆಲಸಗಳು ಬೂಷ್ಟು ನೂರು ವರ್ಷದಲ್ಲಿ ಮಾಡಲಾರದ್ದನ್ನು ಒಂದು ಮಧ್ಯಾಹ್ನದಲ್ಲಿ ಮಾಡಿಬಿಡುತ್ತವೆ.

ಶೌಚಾಲಯದ ಟೈಲ್ಸ್ ತೊಳೆಯುವ ಆಸಿಡ್ ಸುಣ್ಣದ ಗಾರೆಗೆ ತಾಗಿದರೆ ಗಾರೆಯೇ ನೊರೆಯಾಗಿ ಹೋಗುತ್ತದೆ. ಬೂಷ್ಟಿನ ಆಮ್ಲ ತೊಟ್ಟಿಕ್ಕಿ ಕೆಲಸ ಮಾಡಿದರೆ ಇದು ಬಾಲ್ದಿಯಲ್ಲಿ. ಬ್ಲೀಚಿಂಗ್ ಪುಡಿಯ ನೀರು ಮೇಲಿನ ಕಪ್ಪನ್ನು ತೆಗೆಯುತ್ತದೆ ನಿಜ. ಆದರೆ ಅದು ಬಿಟ್ಟುಹೋಗುವ ಲವಣ ಗಾಳಿಯ ತೇವವನ್ನು ಹೀರಿ ಗೋಡೆಯನ್ನು ಮತ್ತೆ ಒದ್ದೆಯಾಗಿಡುತ್ತದೆ. ವಾಹನ ತೊಳೆಯುವ ಪಂಪಿನಿಂದ ನೀರು ಹೊಡೆಯುವುದಂತೂ ಬಾಯಾರಿದ ಬೂಷ್ಟಿಗೆ ಕೊಳವೆಯಲ್ಲಿ ನೀರು ಕೊಟ್ಟಂತೆ. ಹೊಳಪು ಬರಲೆಂದು ವಾರ್ನಿಷ್ ಹಚ್ಚುವವರು ಅಜಂತಾದ ಗುಹೆಗಳನ್ನು ನೆನೆಯಬೇಕು. 1920ರ ಸುಮಾರಿಗೆ ಹೈದರಾಬಾದಿನ ನಿಜಾಮರ ಸರಕಾರ ಇಟಲಿಯ ಇಬ್ಬರು ಪರಿಣತರನ್ನು ಕರೆಸಿ ಅಲ್ಲಿನ ಚಿತ್ರಗಳನ್ನು ಭದ್ರಪಡಿಸಿತು. ಅವರು ಬಳಸಿದ ಅರಗಿನ ಲೇಪ ಮುಂದೆ ಹಳದಿಗಟ್ಟಿ, ಧೂಳು ಹಿಡಿದು, ಅದನ್ನು ತೆಗೆಯುವುದೇ ನಂತರದ ತಲೆಮಾರಿನವರಿಗೆ ದೊಡ್ಡ ಕೆಲಸವಾಯಿತು. ಒಳ್ಳೆಯ ಮನಸ್ಸಿನಿಂದ, ಆ ಕಾಲದ ಒಳ್ಳೆಯ ವಿದ್ಯೆಯಿಂದ ಮಾಡಿದ ಕೆಲಸವೇ ಹೀಗಾಯಿತು.

ಎಲ್ಲಕ್ಕಿಂತ ದೊಡ್ಡ ಶತ್ರು ಸಿಮೆಂಟು ಮತ್ತು ಪ್ಲಾಸ್ಟಿಕ್ ಪೇಂಟ್. ಸುಣ್ಣದ ಗೋಡೆ ಉಸಿರಾಡುತ್ತದೆ. ಮಳೆಗಾಲದಲ್ಲಿ ಹೀರಿದ ನೀರನ್ನು ಬೇಸಿಗೆಯಲ್ಲಿ ಹೊರಗೆ ಬಿಡುತ್ತದೆ. ಗೋಡೆಯ ಕೆಳಭಾಗಕ್ಕೆ ಸಿಮೆಂಟ್ ಗಾರೆ ಹಾಕಿ, ಹೊರಮೈಗೆ ಪೇಂಟ್ ಬಳಿದರೆ ಆ ಉಸಿರು ಕಟ್ಟುತ್ತದೆ. ಹೊರಹೋಗಲು ದಾರಿ ಕಾಣದ ನೀರು ಮೇಲೇರುತ್ತ ಹೋಗಿ ಎಲ್ಲಿ ಸುಣ್ಣ ಉಳಿದಿದೆಯೋ ಅಲ್ಲಿ, ಎಂದರೆ ಚಿತ್ರದ ಮೂಲಕವೇ ಹೊರಬರುತ್ತದೆ. ಬರುವಾಗ ಉಪ್ಪನ್ನೂ ಹೊತ್ತು ತಂದು ಬಣ್ಣದ ಪದರವನ್ನು ಎಬ್ಬಿಸಿ ಬೀಳಿಸುತ್ತದೆ. 'ಸಿಮೆಂಟ್ ಹಾಕಿ ಗಟ್ಟಿ ಮಾಡಿದ ಮೇಲೂ ಚಿತ್ರ ಹಾಳಾಯಿತು' ಎನ್ನುವವರುಂಟು. ಸಿಮೆಂಟ್ ಹಾಕಿದ್ದರಿಂದಲೇ ಹಾಳಾಯಿತೆಂಬುದು ಸರಿಯಾದ ಮಾತು.

ಹಾಗಾದರೆ ಏನು ಮಾಡಬೇಕು? ಬೂಷ್ಟನ್ನು ಕೊಲ್ಲುವ ಮೊದಲು ಅದರ ನೀರನ್ನು ನಿಲ್ಲಿಸಬೇಕು. ಇದಕ್ಕೆ ಹೊಸ ವಿಜ್ಞಾನವೇನೂ ಬೇಡ. ಮಳೆಗೆ ಮೊದಲು ಮಾಡಿನ ಹಂಚು ಕೈಯಾಡಿಸಿ ಒಡೆದದ್ದನ್ನು ಬದಲಿಸುವುದು, ದಂಬೆಯ ಕಸ ತೆಗೆಯುವುದು, ಸೂರಿನ ನೀರು ಗೋಡೆಯ ಬುಡಕ್ಕೆ ಬೀಳದಂತೆ ಚರಂಡಿ ಮಾಡುವುದು, ಗಾಳಿಮಳೆ ಬಡಿಯುವ ಪಡುದಿಕ್ಕಿನ ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟುವುದು ಇವೆಲ್ಲ ಈ ಊರಿನ ಅಜ್ಜಂದಿರು ಪ್ರತಿ ಮೇ ತಿಂಗಳಲ್ಲಿ ಮಾಡುತ್ತಿದ್ದ ಕೆಲಸ. ಹಳೆಯ ದೇವಸ್ಥಾನಗಳ ಮಾಡು ಅಷ್ಟು ಇಳಿಜಾರಾಗಿ, ಸೂರು ಅಷ್ಟು ಮುಂದಕ್ಕೆ ಚಾಚಿರುವುದು ಸುಮ್ಮನೆ ಅಲ್ಲ. ಅದನ್ನು ಕಿತ್ತು ಸಮತಟ್ಟಾದ ಕಾಂಕ್ರೀಟ್ ತಾರಸಿ ಹಾಕಿದ ಕಡೆ ಕೆಳಗಿನ ಚಿತ್ರಕ್ಕೆ ಬಹುಕಾಲ ಆಯುಸ್ಸಿರುವುದಿಲ್ಲ. ಮಳೆ ಬಿಟ್ಟ ದಿನ ಎದುರುಬದುರಿನ ಬಾಗಿಲು ತೆರೆದು ಗಾಳಿಯಾಡಿಸಿದರೆ ಅರ್ಧ ಚಿಕಿತ್ಸೆ ಆದಂತೆ. (ಒಲೆಯ ಹೊಗೆ ತಾಗುವ ಅಟ್ಟಕ್ಕೆ ಬೂಷ್ಟು ಹಿಡಿಯುವುದು ಕಡಿಮೆಯೆಂದು ಅಜ್ಜಿಯಂದಿರು ಹೇಳುವುದುಂಟು. ಹೊಗೆಯಲ್ಲಿರುವ ಫಿನಾಲಿನಂಥ ವಸ್ತುಗಳು ಬೂಷ್ಟನ್ನು ತಡೆಯುವುದು ನಿಜ. ಆದರೆ ಚಿತ್ರಕ್ಕೆ ಹೊಗೆ ಹಾಕಿದರೆ ಬೂಷ್ಟಿನ ಕಪ್ಪಿನ ಬದಲು ಮಸಿಯ ಕಪ್ಪು!)

ನೀರು ನಿಂತ ಮೇಲೂ ಉಳಿದ ಕಲೆಗಳನ್ನು ತೆಗೆಯುವುದು ತಜ್ಞರ ಕೆಲಸ. ಸಾಂಸ್ಕೃತಿಕ ಆಸ್ತಿಯ ಸಂರಕ್ಷಣೆಗೆಂದೇ ಕೇಂದ್ರ ಸರಕಾರ ಲಖನೌದಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಸಂಶೋಧನಾ ಪ್ರಯೋಗಾಲಯದ ಪ್ರಾದೇಶಿಕ ಶಾಖೆ ಮೈಸೂರಿನಲ್ಲಿದೆ. ಆಸಿಡ್ ಕ್ಯಾನ್ ತರಿಸುವ ಮೊದಲು ದೇವಸ್ಥಾನದ ಸಮಿತಿ ಅಲ್ಲಿಗೊಂದು ಪತ್ರ ಬರೆಯಬಹುದು.

ಸೂಕ್ಷ್ಮಜೀವಿಗಳೆಲ್ಲ ಚಿತ್ರದ ಶತ್ರುಗಳೆಂದು ಮಕ್ಕಳು ತಿಳಿಯಬೇಕಾಗಿಲ್ಲ. ಇಟಲಿಯ ಪೀಸಾ ನಗರದ ಕಂಪೊಸಾಂತೊ ಎಂಬ ಸ್ಮಶಾನ ಕಟ್ಟಡದ ಫ್ರೆಸ್ಕೊಗಳು 1944ರ ಯುದ್ಧದ ಬೆಂಕಿಯಲ್ಲಿ ಬೆಂದವು. ಅಳಿದುಳಿದದ್ದನ್ನು ಗೋಡೆಯಿಂದ ಬಿಡಿಸಲು ಪ್ರಾಣಿಜನ್ಯ ಅಂಟು ಹಚ್ಚಿದ ಬಟ್ಟೆಯನ್ನು ಅಂಟಿಸಿ ಎಳೆದರು. ಕೆಲವು ಚಿತ್ರಗಳ ಮೇಲೆ ಆ ಅಂಟು ದಶಕಗಳಲ್ಲಿ ಕಲ್ಲಿನಂತಾಗಿ, ಯಾವ ರಾಸಾಯನಿಕಕ್ಕೂ ಜಗ್ಗಲಿಲ್ಲ. ಕೊನೆಗೆ ಸೂಡೊಮೊನಾಸ್ ಜಾತಿಯ ಬ್ಯಾಕ್ಟೀರಿಯಾವನ್ನು ಹತ್ತಿಯಲ್ಲಿ ಅದ್ದಿ ಚಿತ್ರದ ಮೇಲೆ ಹತ್ತು-ಹನ್ನೆರಡು ಗಂಟೆ ಇಟ್ಟಾಗ ಅದು ಅಂಟನ್ನಷ್ಟೇ ತಿಂದು ಬಣ್ಣವನ್ನು ಬಿಟ್ಟುಕೊಟ್ಟಿತು.

ಚಿತ್ರದ ಮೇಲಿನ ಕಲೆ ಕಂಡೊಡನೆ ಗಾಬರಿಪಡುವುದೂ ಬೇಡ. ಈಜಿಪ್ಟಿನ ದೊರೆ ತುತಾಂಖಾಮನ್‌ನ ಸಮಾಧಿಯ ಗೋಡೆಗಳ ತುಂಬ ಕಂದು ಚುಕ್ಕೆಗಳಿವೆ. ಪ್ರವಾಸಿಗರ ಉಸಿರಿನಿಂದ ಅವು ಬೆಳೆಯುತ್ತಿವೆಯೆಂಬ ಅನುಮಾನ ಬಂತು. 2009ರಲ್ಲಿ ಆರಂಭವಾದ ಸಂರಕ್ಷಣಾ ಯೋಜನೆಯಲ್ಲಿ ಅಮೆರಿಕದ ಗೆಟಿ ಸಂಸ್ಥೆಯ ವಿಜ್ಞಾನಿಗಳು ಅವುಗಳನ್ನು ಪರೀಕ್ಷಿಸಿದರು. ಚುಕ್ಕೆಗಳು ಸೂಕ್ಷ್ಮಜೀವಿಗಳಿಂದಲೇ ಆದವು. ಆದರೆ ಆ ಜೀವಿಗಳು ಸತ್ತು ಯಾವ ಕಾಲವಾಗಿತ್ತೋ! ಅವು ಬೆಳೆದಿಲ್ಲವೆಂದು ಖಚಿತಪಡಿಸಲು ನೆರವಾದದ್ದು 1920ರ ದಶಕದಲ್ಲಿ, ಸಮಾಧಿ ಪತ್ತೆಯಾದ ಹೊಸತರಲ್ಲಿ, ಹ್ಯಾರಿ ಬರ್ಟನ್ ಎಂಬವರು ತೆಗೆದ ಛಾಯಾಚಿತ್ರಗಳು. ಎರಡನ್ನೂ ಹೋಲಿಸಿದಾಗ ಚುಕ್ಕೆಗಳ ಗಾತ್ರ ಬದಲಾಗಿರಲಿಲ್ಲ. ಬಣ್ಣದೊಳಕ್ಕೆ ಇಳಿದಿದ್ದ ಅವುಗಳನ್ನು ಹಾಗೆಯೇ ಬಿಟ್ಟರು.

ಈ ಕೆಲಸ ಕುಂದಾಪುರದ ಹೈಸ್ಕೂಲ್ ವಿದ್ಯಾರ್ಥಿಯೂ ಮಾಡಬಹುದಾದದ್ದು. ಊರಿನ ದೇವಸ್ಥಾನದಲ್ಲೋ ಅಜ್ಜನ ಮನೆಯಲ್ಲೋ ಹಳೆಯ ಚಿತ್ರವಿದ್ದರೆ ಹಿರಿಯರ ಒಪ್ಪಿಗೆ ಪಡೆದು, ಗೋಡೆಯನ್ನು ಮುಟ್ಟದೆ, ಫ್ಲ್ಯಾಷ್ ಬಳಸದೆ, ಪಕ್ಕದಲ್ಲೊಂದು ಅಳತೆಪಟ್ಟಿ ಹಿಡಿದು ಫೋಟೋ ತೆಗೆದಿಡಬೇಕು. ಮೇ ಕೊನೆಯಲ್ಲಿ ಒಂದು, ದೀಪಾವಳಿಯ ಹೊತ್ತಿಗೆ ಅದೇ ಜಾಗದಿಂದ, ಅದೇ ದೂರದಿಂದ ಇನ್ನೊಂದು. ಮಳೆಗಾಲದಲ್ಲಿ ನೀರು ಎಲ್ಲಿಂದ ಇಳಿಯಿತೆಂಬುದನ್ನೂ ಗುರುತು ಹಾಕಿಕೊಳ್ಳಬೇಕು. ಮೂರು ವರ್ಷದ ಫೋಟೋಗಳು ಕೈಯಲ್ಲಿದ್ದರೆ ಕಲೆ ಬೆಳೆಯುತ್ತಿದೆಯೋ ಸತ್ತಿದೆಯೋ, ಮಾಡಿನ ಯಾವ ಹಂಚಿನ ಕೆಳಗೆ ಅದು ಹುಟ್ಟಿತು ಎಂಬುದನ್ನು ಸಮಿತಿಯವರ ಮುಂದೆ ಹರವಿ ತೋರಿಸಬಹುದು.